ಉಳಿದ ಏಳು ಸುತ್ತು

ಮಂಜಮ್ಮ ಸತ್ತ ತಾಯಿ ಯರ್ರಮ್ಮನ ಸೊಂಟದಿಂದ ಎಲೆ-ಅಡಿಕೆ ಸಂಚಿಯನ್ನು ಬಿಚ್ಚಿ, ತಮ್ಮನ ಹೆಂಡತಿ ಜ್ಯೋತಿಲಕ್ಷ್ಮಿಯ ಕೈಗಿಟ್ಟಳು. ಹೆಣದ ಮೈ ತೊಳೆಯಲು ಹಿತ್ತಲಲ್ಲಿ ನೀರು ಕಾದಿತ್ತು. ಸಂಚಿಗೆ ಎರಡು ಅರೆ. ಎರಡರಲ್ಲೂ ಎಲೆಯಿಲ್ಲ, ಅಡಿಕೆಯಿಲ್ಲ, ಬರೀ ಹುಣಸೆ ಬೀಜ.

"ಎಣಿಸು," ಅಂದಳು ಮಂಜಮ್ಮ.

ಒಂದು ಅರೆಯಲ್ಲಿ ಹದಿನಾಲ್ಕು, ಇನ್ನೊಂದರಲ್ಲಿ ಏಳು. ಮಂಜಮ್ಮ ಎದೆ ಬಡಿದುಕೊಂಡು ಅತ್ತಳು.

ಆ ಬೀಜಗಳ ಸಂಗತಿ ತಳಕು ಊರಿಗೆಲ್ಲ ಗೊತ್ತಿತ್ತು. ಪಾರ್ಶ್ವವಾಯು ಬಡಿದು ಮಲಗಿದ್ದ ಗಂಡ ಮೂಡಲಗಿರಿಯಪ್ಪ ಎದ್ದು ಓಡಾಡಲಿ ಎಂದು ಹರಕೆ ಹೊತ್ತು, ಯರ್ರಮ್ಮ ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಅರಳಿಕಟ್ಟೆಗೆ ಇಪ್ಪತ್ತೊಂದು ಸುತ್ತು ಬರುತ್ತಿದ್ದಳು. ಸುತ್ತು ಮುಗಿದಂತೆ ಒಂದೊಂದೇ ಬೀಜ ಈ ಅರೆಯಿಂದ ಆ ಅರೆಗೆ ಹೋಗುತ್ತಿತ್ತು. ಇವತ್ತು ಹದಿನಾಲ್ಕನೇ ಸುತ್ತು ಮುಗಿಸಿ, ಕಸ ಗುಡಿಸುತ್ತಿದ್ದವಳಿಗೆ "ಒಂದು ಗಳಿಗೆ ಕೂರ್ತೀನಿ ತಾಯಿ" ಅಂದು ಕಟ್ಟೆಗೆ ಒರಗಿದವಳು ಮತ್ತೆ ಏಳಲಿಲ್ಲ.

"ಗಂಡಂಗೆ ಬರೋ ಸಾವು ತಾನು ತಗಂಡ್ಲು, ಪುಣ್ಯಾತ್‌ಗಿತ್ತಿ," ಅಂದಳೊಬ್ಬಳು ಮುದುಕಿ. ಸುತ್ತ ಕೂತವರೆಲ್ಲ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

ಅಂಗಳದಲ್ಲಿ ಚಟ್ಟ ಕಟ್ಟಿಸುತ್ತಿದ್ದ ಹನುಮಣ್ಣ ಮೂಡಲಗಿರಿಯಪ್ಪನ ದಾಯಾದಿ, ಊರಿನ ಇಂಥ ಕೆಲಸಗಳಿಗೆಲ್ಲ ಅವನದೇ ಯಜಮಾನಿಕೆ. ಏಳು ಬೀಜ ಉಳಿದ ಸುದ್ದಿ ಕೇಳಿ ಹಗ್ಗ ಕೆಳಗಿಟ್ಟ.

"ಹರಕೆ ಅರ್ಧಕ್ಕೆ ನಿಂತ್ರೆ ಒಳ್ಳೇದಲ್ಲ. ಹನ್ನೊಂದು ದಿನದ ಸೂತಕ ಕಳೀಲಿ. ಆಮೇಲೆ ಮನೇರು ಯಾರಾದ್ರೂ ಮುಂದುವರಿಸ್ಬೇಕು, ದಿನಾ ತಪ್ಪಿಸ್ದಂಗೆ."

"ನಾನು ಮೊಳಕಾಲ್ಮೂರಾಗೆ ಮಗ್ಗದ ಮುಂದೆ ಕುಂತಿರೋಳು, ದಿನಾ ಹೆಂಗೆ ಬರ್ಲಿ ಚಿಗಪ್ಪ?" ಅಂದಳು ಮಂಜಮ್ಮ.

ಎಲ್ಲರ ಕಣ್ಣೂ ಜ್ಯೋತಿಯ ಮೇಲೆ ಬಿತ್ತು. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದ ಅವಳಿಗೆ, ಹೆಣದ ಮುಂದೆ ಕೂತು, ನಗು ಬಂದುಬಿಟ್ಟಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಪಾಪ, ಅಳು ತಡೆಯುತ್ತಿದ್ದಾಳೆ ಎಂದುಕೊಂಡರು ಜನ.

*

ನಾಲ್ಕು ವರ್ಷದ ಹಿಂದೆ ಅತ್ತೆಯನ್ನು ಚಳ್ಳಕೆರೆಯ ಡಾಕ್ಟರಲ್ಲಿಗೆ ಕರೆದುಕೊಂಡು ಹೋದವಳು ಜ್ಯೋತಿಯೇ. ಸಕ್ಕರೆ ಕಾಯಿಲೆ, ಬಿ.ಪಿ., ಮಂಡಿ ನೋವು, ಮೂರೂ ಇದ್ದವು. ಡಾಕ್ಟರು ಮುಲಾಜಿಲ್ಲದೆ ಹೇಳಿದರು: "ದಿನಾ ಅರ್ಧ ಗಂಟೆ ನಡೀಬೇಕಮ್ಮ. ಇಲ್ಲಾಂದ್ರೆ ಮನೇಲಿ ಎರಡು ಮಂಚ ಹಾಕಬೇಕಾಗುತ್ತೆ."

ಆವತ್ತು ರಾತ್ರಿ ಊಟದ ಹೊತ್ತಿಗೆ ಯರ್ರಮ್ಮ ಮಗನ ಮುಂದೆ ಮಾತು ತೆಗೆದಳು. ಬೆಳಿಗ್ಗೆ ಅರ್ಧ ಗಂಟೆ ಅಪ್ಪನ ಹತ್ತಿರ ಕೂರುತ್ತೀಯಾ, ನಾನು ನಡೆದು ಬರುತ್ತೇನೆ ಎಂದಳು. ಜ್ಯೋತಿಯ ಗಂಡ ಓಬಳೇಶನಿಗೆ ಅನ್ನ ನೆತ್ತಿಗೇರುವಷ್ಟು ನಗು.

"ವಾಕಿಂಗಾ? ದಿನವೆಲ್ಲ ಮನೇಲಿ ಓಡಾಡ್ತೀಯಲ್ಲವ್ವ, ಅದು ಸಾಲ್ದಾ? ಗಂಡ ಮಲಗವ್ನೆ, ಇವ್ಳು ವಾಕಿಂಗ್ ಹೊಂಟ್ಲು ಅಂತ ಊರಾಗೆ ಆಡ್ಕಂತಾರೆ."

ಗಂಡನನ್ನು ಎರಡೆರಡು ಗಂಟೆಗೆ ಮಗ್ಗುಲು ಬದಲಿಸಿ, ಒದ್ದೆ ಬಟ್ಟೆ ತೆಗೆದು, ಗಂಜಿ ಕುಡಿಸುವವಳಿಗೆ ಮೈ ಸೋಲುತ್ತದೆಯೇ ಹೊರತು ಕಾಲಿಗೆ ನಡಿಗೆ ಸಿಗುವುದಿಲ್ಲ. ಅದನ್ನು ಮಗನಿಗೆ ತಿಳಿಸುವ ಗೋಜಿಗೆ ಅವಳು ಹೋಗಲಿಲ್ಲ. ಎಂಟು ದಿನ ಸುಮ್ಮನಿದ್ದಳು. ಒಂಬತ್ತನೇ ದಿನ ತಲೆಗೆ ಎರೆದುಕೊಂಡು ಬಂದು, ಹರಕೆ ಹೊತ್ತಿದ್ದೇನೆ ಎಂದಳು. ಓಬಳೇಶ ಮರುದಿನ ಐದೂವರೆಗೇ ಎದ್ದು ಅಪ್ಪನ ಮಂಚದ ಬಳಿ ಕೂತ.

ಗುಟ್ಟು ಗೊತ್ತಿದ್ದದ್ದು ಜ್ಯೋತಿಗೊಬ್ಬಳಿಗೇ. "ಬರೀ ಕಟ್ಟೆ ಸುತ್ತಿದ್ರೆ ಹತ್ತು ನಿಮಿಷಕ್ಕೆ ಮುಗೀತೈತೆ ಕಣೇ," ಅಂದಿದ್ದಳು ಯರ್ರಮ್ಮ, ಸಂಚಿಗೆ ಬೀಜ ತುಂಬುತ್ತಾ. "ಅದ್ಕೇ ಪಕ್ಕದ ಹಾಳುಬಾವಿನೂ ಸೇರ್ಸಿ ಸುತ್ತತೀನಿ. ಸರಿಯಾಗಿ ಅರ್ಧ ಗಂಟೆ. ದೇವ್ರಿಗೂ ಆತು, ಡಾಕ್ಟ್ರಿಗೂ ಆತು. ನಿಮ್ಮ ಮಾವಂಗೆ ಮಾತ್ರ ಹೇಳ್ಬ್ಯಾಡ. ನೊಂದ್ಕಂತಾನೆ."

ನಡೆದು ಬಂದಾಗ ಅವಳ ಮುಖದಲ್ಲಿ ಬೆವರಿನ ಜೊತೆ ಒಂದು ಗೆಲುವು ಇರುತ್ತಿತ್ತು. ಆ ಮನೆಯಲ್ಲಿ ಬೇರೆ ಯಾವ ಹೊತ್ತಿನಲ್ಲೂ ಜ್ಯೋತಿ ಅದನ್ನು ಕಂಡಿರಲಿಲ್ಲ.

*

ಹೊಲದ ಬದಿಯಲ್ಲಿ ಮಣ್ಣು ಮಾಡಿ ಬರುವಷ್ಟರಲ್ಲಿ ನಾಲ್ಕು ಗಂಟೆ ದಾಟಿತ್ತು. ಮಿಂದು ಬಂದವರು ಪಡಸಾಲೆಯ ದೀಪ ನೋಡಿ ಒಬ್ಬೊಬ್ಬರಾಗಿ ಹೊರಟರು. ಮಂಜಮ್ಮ ಅತ್ತು ಅತ್ತು ಮೂಲೆಯಲ್ಲಿ ನಿದ್ದೆ ಹೋಗಿದ್ದಳು.

ಜ್ಯೋತಿ ಮಾವನ ಮಗ್ಗುಲು ಬದಲಿಸಿದಳು. ಒಬ್ಬಳೇ ಬದಲಿಸಿದ್ದು ಇದೇ ಮೊದಲು. ಅಷ್ಟು ದಿನ ಬೆನ್ನಿಗೆ ಕೈ ಕೊಡುತ್ತಿದ್ದ ಇನ್ನೊಂದು ಜೀವ ಇರಲಿಲ್ಲ. ಸೊಂಟ ಚಳಕ್ಕೆಂದಿತು. ಶಾಲೆಯಲ್ಲಿ ಬಿಸಿಯೂಟದ ಪಾತ್ರೆ ಎತ್ತುವ ಸೊಂಟ ಅದು. ಹೋದ ತಿಂಗಳು ನರ್ಸಮ್ಮ ಅವಳ ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿ, ಅತ್ತೆಗೆ ಡಾಕ್ಟರು ಹೇಳಿದ್ದನ್ನೇ ಹೇಳಿದ್ದಳು. ಜ್ಯೋತಿ ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆಂದು ಗೊತ್ತಿತ್ತು.

ಮೂಡಲಗಿರಿಯಪ್ಪನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ಅವಳು ಒರೆಸಿದಳು.

"ನನ್ನಿಂದ... ಹೋದ್ಲು," ಎಂದ ಮುದುಕ, ಒಂದೊಂದೇ ಮಾತನ್ನು ಎಳೆದು ತಂದು.

ಜ್ಯೋತಿ ಅವನ ದಿಂಬು ಸರಿಪಡಿಸಿದಳು. ನಿಜ ಹೇಳಿದರೆ ಈ ಜೀವಕ್ಕೆ ಹಗುರವಾಗುತ್ತದೆ. ಆದರೆ ಮಾವನ ಬಾಯಿಂದ ಅದು ಹೊರಬಿದ್ದರೆ ಊರು ಅತ್ತೆಯನ್ನು ಆಡಿಕೊಳ್ಳುತ್ತದೆ. ಹನ್ನೆರಡನೇ ದಿನದಿಂದ ತನಗೆ ಸಿಗಬೇಕಾದ ಆ ಅರ್ಧ ಗಂಟೆಯೂ ಹೋಗುತ್ತದೆ. ಅದು ತನಗೆ ಬೇಕು, ತುಂಬಾ ಬೇಕು ಎಂದು ಅವಳಿಗೆ ಆಗ ತಿಳಿಯಿತು. ಇಂಥ ದಿನ ಇಂಥ ಆಸೆಯೇ ಎಂದು ನಾಚಿಕೆಯೂ ಆಯಿತು.

ಆದರೂ ಮಾವನ ಅಳು ನೋಡಲಾಗಲಿಲ್ಲ. ಕಿವಿಯ ಹತ್ತಿರ ಬಗ್ಗಿದಳು.

"ಮಾವ, ನಿಮ್ಮಿಂದ ಅಲ್ಲ. ಅತ್ತೆ ಸುತ್ತತಿದ್ದದ್ದು ಹರಕೆಗಲ್ಲ. ಡಾಕ್ಟ್ರು ನಡಿ ಅಂದಿದ್ರು, ಅದ್ಕೆ."

ಮುದುಕನ ಅರ್ಧ ತುಟಿ ಅಲುಗಿತು. ನಗುವೇ ಅದು.

"ಗೊತ್ತು," ಎಂದ. "ನನ್ನ ಚಾಕ್ರೀಲಿ... ಸವೆದ್ಲು, ಅದ್ಕೆ ಅಂದೆ. ಹರಕೆಯೋಳು... ಹಾಳುಬಾವಿ... ಯಾಕೆ ಸುತ್ತಾಳೆ?"

ಬಾವಿಯ ಸಂಗತಿ ಮಾತಾಡಿಸಲು ಬಂದವರ ಬಾಯಿಂದ ಅವನ ಕಿವಿಗೆ ಬಿದ್ದಿರಬೇಕು. ನಾಲ್ಕು ವರ್ಷ ಒಬ್ಬರಿಗೊಬ್ಬರು ಹೇಳದೆ ಮಾವನೂ ಸೊಸೆಯೂ ಆ ಹರಕೆಯನ್ನು ಕಾದುಕೊಂಡು ಬಂದಿದ್ದರು.

ಮುದುಕ ಎಡಗೈ ಎತ್ತಿ ಅವಳು ಮಂಚದ ಪಕ್ಕ ಇಟ್ಟಿದ್ದ ಸಂಚಿ ತೋರಿಸಿದ. ಬಾಗಿಲ ಕಡೆ ಬೆರಳು ಮಾಡಿದ.

"ಸೂತಕ ಐತಲ್ಲ ಮಾವ. ಹನ್ನೊಂದು ದಿನ ಕಟ್ಟೆ ಹತ್ರ ಹೋಗಂಗಿಲ್ಲ."

"ನಡ್ಯಾಕೆ... ಎಂಥ ಸೂತಕ?"

ಅಷ್ಟರಲ್ಲಿ ಓಬಳೇಶ ಒಳಗೆ ಬಂದ. ಮೂಡಲಗಿರಿಯಪ್ಪ ಮಂಚದ ಪಟ್ಟಿ ಬಡಿದು ಮಗನನ್ನು ಪಕ್ಕಕ್ಕೆ ಕರೆದ. "ಕೂರು," ಎಂದ. "ಹರಕೆ... ನಿನ್ನೆಂಡ್ತಿ... ಮನೆ ಸುತ್ತತಾಳೆ."

ಹರಕೆ ಅಂದಮೇಲೆ ಓಬಳೇಶ ಕೂತು ಅಪ್ಪನ ಕಾಲಿನ ಮೇಲೆ ಕೈಯಿಟ್ಟ.

ಜ್ಯೋತಿ ಸಂಚಿ ಹಿಡಿದು ಹಿತ್ತಲ ಬಾಗಿಲಿಂದ ಹೊರಬಿದ್ದಳು. ಹೆಣಕ್ಕೆ ನೀರು ಕಾಯಿಸಿದ ಒಲೆ, ಕುರಿಹಟ್ಟಿ, ಶೇಂಗಾ ಹೊಟ್ಟಿನ ರಾಶಿ ಬಳಸಿಕೊಂಡು ಮತ್ತೆ ಹಿತ್ತಲು. ಮೊದಲ ಸುತ್ತಿಗೆ ಮಂಡಿ ಕಟಕಟ ಅಂದಿತು. ಮೂರನೆಯದಕ್ಕೆ ಅಳು ಬಂತು, ಬೆಳಿಗ್ಗೆಯಿಂದ ಬಾರದಿದ್ದದ್ದು. ಅಳುತ್ತಲೇ ನಡೆದಳು. ಐದನೆಯದಕ್ಕೆ ಉಸಿರು ಹದಕ್ಕೆ ಬಂತು.

ಏಳು ಬೀಜಗಳೂ ಆಚೆಯ ಅರೆ ಸೇರಿದವು. ಅವಳು ಒಲೆಯ ಪಕ್ಕ ನಿಂತು ಮುಖ ಒರೆಸಿಕೊಂಡಳು. ಆಮೇಲೆ ಇಪ್ಪತ್ತೊಂದನ್ನೂ ಅಂಗೈಗೆ ಸುರಿದುಕೊಂಡು, ಮತ್ತೆ ಮೊದಲಿನ ಅರೆಗೇ ತುಂಬಿ, ಸಂಚಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.