ಹಗಲು ನಿದ್ದೆಯ ಮನೆ

ಕುಕ್ಕರ್ ಇಳಿಸಿ, ಒಗೆದ ಬಟ್ಟೆ ಹರವಿ, ಯಜಮಾನರಿಗೆ ಬುತ್ತಿ ಕಟ್ಟಿಕೊಟ್ಟು ಹೊರಡುವಷ್ಟರಲ್ಲಿ ತಡವಾಗಿಯೇ ಹೋಯಿತು. ಅವರಿಗೆ ಪೇಪರ್ ಪ್ರೆಸ್ಸಿನಲ್ಲಿ ಯಾವಾಗಲೂ ರಾತ್ರಿ ಪಾಳಿ. "ಶುರುವಿಗೇ ಬಾಮ್ಮ, ಮೊದಲು ನಾನೊಂದೆರಡು ಮಾತಾಡ್ತೀನಿ" ಎಂದು ಮಗಳು ಬೆಳಗ್ಗೆಯಿಂದ ಹೇಳುತ್ತಲೇ ಇದ್ದಳು.

ಹಳೆಯ ಗೋದಾಮೊಂದರಲ್ಲಿ ಕಾರ್ಯಕ್ರಮ. ಇನ್ನೂ ಮುಗಿಯದ ಸಿನಿಮಾಗಳನ್ನು, ಬರೀ ಸದ್ದಿನಿಂದಲೇ ಕಟ್ಟಿದ ಎಂಥೆಂಥದೋ ಪ್ರಯೋಗಗಳನ್ನು ಜನರ ಮುಂದಿಟ್ಟು ನೋಡುವ ಸಂಜೆಯಂತೆ. ಕತ್ತಲಲ್ಲಿ ತಡವರಿಸಿಕೊಂಡು ಹಿಂದಿನ ಸಾಲಿನಲ್ಲಿ ಕುಳಿತರೆ, ಪರದೆಯ ಮೇಲೆ ನಮ್ಮ ಮನೆಯೇ! ಮಧ್ಯಾಹ್ನದ ಬಿಸಿಲು ಬಿದ್ದ ನಡುಮನೆ, ಹೊದಿಕೆಯಿಂದ ಆಚೆ ಬಂದ ಯಜಮಾನರ ಪಾದ, ಒಲೆಯ ಮುಂದೆ ನನ್ನ ಬೆನ್ನು. ಸದ್ದು ಮಾತ್ರ ಇಲ್ಲ.

ಜನರದ್ದೋ ಸಂತೆ. ಒಬ್ಬ ಕುರ್ಚಿ ಎಳೆಯುತ್ತಿದ್ದ. ಒಬ್ಬಾಕೆ ಕೀಗೊಂಚಲು ಕುಲುಕುತ್ತಿದ್ದಳು. ಮುಂದೆ ಕುಳಿತ ಗಡ್ಡದವನಂತೂ ಪಕ್ಕದವನಿಗೆ ಯಾವುದೋ ಕತೆ ಹೇಳಿಕೊಂಡು ಬಿದ್ದು ಬಿದ್ದು ನಗುತ್ತಿದ್ದ. ಹಗಲು ರಾತ್ರಿ ಎನ್ನದೆ ನನ್ನ ಮಗಳು ಮಾಡಿದ ಕೆಲಸಕ್ಕೆ ಇದೇನಾ ಬೆಲೆ ಎನ್ನಿಸಿತು ನನಗೆ.

"ಶ್!" ಎಂದೆ. ಯಾರೂ ಕೇಳಲಿಲ್ಲ. ಎದ್ದೇ ನಿಂತೆ.

"ಏನ್ರೀ, ಹುಡುಗಿ ಕಷ್ಟಪಟ್ಟು ಮಾಡಿದಾಳೆ. ಒಂಚೂರು ಬಾಯಿ ಮುಚ್ಕೊಂಡು ನೋಡೋಕಾಗಲ್ವಾ?"

ಗಡ್ಡದವನು ತಿರುಗಿದ. "ಆಂಟಿ, ಅದು..."

"ಅದೂ ಇಲ್ಲ, ಇದೂ ಇಲ್ಲ. ಸುಮ್ನೆ ಕೂತ್ಕೊಳಪ್ಪ. ಶ್!"

ಗೋದಾಮು ತಣ್ಣಗಾಯಿತು. ಚಿತ್ರ ಮುಗಿಯುವವರೆಗೂ ಒಬ್ಬರೂ ಉಸಿರೆತ್ತಲಿಲ್ಲ. ನಾನು ಬೀಗುತ್ತಾ ಕುಳಿತಿದ್ದೆ.

ದೀಪ ಹತ್ತಿದ ಮೇಲೆ ಗಡ್ಡದವನೇ ಹತ್ತಿರ ಬಂದು, ತಲೆಯ ಮೇಲೆ ತೂಗುಬಿಟ್ಟಿದ್ದ ಮೈಕುಗಳನ್ನು ತೋರಿಸಿದ.

"ಆಂಟಿ, ಸದ್ದು ಮಾಡಿ ಅಂತ ಅವಳೇ ಹೇಳಿದ್ದು. 'ನಾನು ಬೆಳೆದ ಮನೇಲಿ ಹಗಲು ಹೊತ್ತು ಸದ್ದು ಮಾಡೋ ಹಾಗಿರಲಿಲ್ಲ, ನಿಮ್ಮ ಸದ್ದನ್ನ ತುಂಬಿಸಿ' ಅಂತ. ಅದನ್ನೇ ರೆಕಾರ್ಡ್ ಮಾಡಿ ಚಿತ್ರಕ್ಕೆ ಸೇರಿಸೋದಿತ್ತು."

ಹಗಲು ಮಲಗುವ ಯಜಮಾನರ ನಿದ್ದೆ ಕೆಡಬಾರದೆಂದು ಪಾತ್ರೆಗಳ ಕೆಳಗೆ ಬಟ್ಟೆ ಹಾಸುತ್ತಿದ್ದವಳು ನಾನು. ಮಗಳು ಗೊಂಬೆಯ ಜೊತೆಗೂ ಅದರ ಕಿವಿಯಲ್ಲೇ ಮಾತಾಡುತ್ತಿದ್ದಳು. ಎಷ್ಟು ಜಾಣ ಮಗು ನೋಡಿ ಎಂದು ಅಕ್ಕಪಕ್ಕದವರ ಮುಂದೆ ಹೇಳಿಕೊಂಡಿದ್ದೆ.

ಅವಳು ಒಂದು ಮೂಲೆಯಲ್ಲಿ ವೈರು ಸುತ್ತುತ್ತಿದ್ದಳು.

"ಪುಟ್ಟಿ, ನಂಗೆ ಗೊತ್ತಾಗಲಿಲ್ಲ ಕಣೆ."

"ಗೊತ್ತಮ್ಮ."

"ಇನ್ನೊಂದ್ಸಲ ಹಾಕು. ಹೊರಗಿರೋರನ್ನ ನಾನೇ ಕೂಗಿ ಕರೀತೀನಿ."

"ಎಲ್ಲಾ ಹೊರಟುಬಿಟ್ರಲ್ಲಮ್ಮ. ನಾಳೆಯಿಂದ ಈ ಜಾಗ ಬೇರೆಯವರಿಗೆ."

"ಹಾಗಾದ್ರೆ ಬೈದಾದ್ರೂ ಬಿಡೇ."

"ಗಡ್ಡದವನು ನಿನ್ನ ಗದರಿಕೆಗೆ ಇನ್ನೂ ನಡುಗ್ತಿದಾನೆ. ನಾನು ಬೇರೆ ಬಯ್ಯಬೇಕಾ?" ಎಂದು ನಕ್ಕಳು. ಆಮೇಲೆ ನಗು ನಿಂತಿತು. "ಮೈಕು ನನ್ನ ಕೈಯಲ್ಲೇ ಇತ್ತಮ್ಮ. 'ಪರವಾಗಿಲ್ಲ, ಮಾತಾಡಿ' ಅಂತ ಅವರಿಗೆ ಒಂದು ಮಾತು ಹೇಳಿದ್ರೆ ಸಾಕಿತ್ತು. ನೀನು ಶ್ ಅಂದೆ ನೋಡು, ನನ್ನ ಬಾಯೂ ಮುಚ್ಚಿಹೋಯ್ತು."

ನಿದ್ದೆ ಕೆಡುವವರು ಯಾರೂ ಇಲ್ಲದ ಆ ಖಾಲಿ ಗೋದಾಮಿನಲ್ಲಿ ಇದನ್ನೂ ಅವಳು ಪಿಸುಗುಟ್ಟಿಯೇ ಹೇಳಿದಳು. ನಾನು ವೈರಿನ ಇನ್ನೊಂದು ತುದಿ ಹಿಡಿದು, ಅವಳು ಸುತ್ತಿದಷ್ಟೂ ಬಿಡುತ್ತಾ ನಿಂತೆ.