ಸಂಜೆ ಆರರ ಮಗ್ಗುಲು

ಆಂಬುಲೆನ್ಸ್ ಬರಲು ಇನ್ನು ಇಪ್ಪತ್ತೈದು ನಿಮಿಷ. ಅಷ್ಟರೊಳಗೆ ವೃದ್ಧರ ಆರೈಕೆ ಮನೆಯ ದಿನಚರಿ ಪುಸ್ತಕದ ಪ್ರತಿ ಮಗಳ ಕೈಸೇರದಿದ್ದರೆ, ಅಮ್ಮನ ಬೆನ್ನಿನ ಹುಣ್ಣಿಗೆ ಯಾರೂ ಹೊಣೆಯಾಗುವುದಿಲ್ಲ.

ವಕೀಲೆ ಹಿಂದಿನ ದಿನವೇ ಫೋನಿನಲ್ಲಿ ಎಚ್ಚರಿಸಿದ್ದಳು: “ಅಲ್ಲಿ ಕೂಗಾಡ್ಬೇಡಿ. ಗಾಯದ ಫೋಟೋ ಇದೆ. ಅಮ್ಮನ್ನ ಹೊರಗೆ ತಂದ ಕೂಡ್ಲೆ ಬೇರೆ ಡಾಕ್ಟರ ಹತ್ರ ವರದಿ ಬರೆಸೋಣ. ಆಮೇಲೆ ಇಲಾಖೆಗೆ ದೂರು, ಪೊಲೀಸರಿಗೆ ದೂರು, ಪರಿಹಾರಕ್ಕೆ ದಾವೆ, ಎಲ್ಲಾ ದಾರಿ ಇದೆ. ಆದ್ರೆ ಮೊದಲು ಪ್ರತಿ. ಆಂಬುಲೆನ್ಸ್ ಕಂಡ್ರೆ ಸಾಕು, ಆ ಪುಸ್ತಕಕ್ಕೆ ಕಾಲು ಬರುತ್ತೆ.”

“ಅಮ್ಮನ್ನ ಅಲ್ಲಿ ಸೇರಿಸುವಾಗ ಕೋರ್ಟಿಗೆ ಹೋಗಲ್ಲ ಅಂತ ನಮ್ಮಣ್ಣ ಸಹಿ ಹಾಕ್ಬಿಟ್ಟಿದ್ದಾನಲ್ಲ?” ಎಂದಿದ್ದಳು ಮಗಳು.

“ಬೆನ್ನು ಕೊಳೆಸಿ ಅಂತ ಹಾಕಿಲ್ವಲ್ಲ? ಅದನ್ನ ನನಗೆ ಬಿಡಿ.”

ಈಗ ಮಗಳು ಮ್ಯಾನೇಜರರ ಎದುರು ಕುಳಿತಿದ್ದಳು. ಗೋಡೆಯ ತುಂಬ ಪ್ರಶಸ್ತಿಪತ್ರಗಳು. ಎಲ್ಲವನ್ನೂ ಆ ಆರೈಕೆ ಮನೆ ತನಗೆ ತಾನೇ ದಯಪಾಲಿಸಿಕೊಂಡಿತ್ತು. ಅಲ್ಲಿ ವೃದ್ಧರಿಗೆ ‘ಅತಿಥಿ’ಗಳೆಂದು ಹೆಸರು. ಪದೇ ಪದೇ ಒತ್ತಿ ಅತಿಥಿಗಳಿಗೆ ಆಯಾಸವಾಗಬಾರದೆಂದು ಕರೆಗಂಟೆಗಳನ್ನು ಅವರ ಕೈಗೆಟುಕದಷ್ಟು ಎತ್ತರದಲ್ಲಿ ಕೂರಿಸಲಾಗಿತ್ತು.

“ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ನಮ್ಮ ಅಮ್ಮನ ಮಗ್ಗುಲು ಬದಲಿಸ್ತೀವಿ,” ಎಂದರು ಮ್ಯಾನೇಜರ್. ಊರಿನವರ ತಾಯಂದಿರೆಲ್ಲ ಅವರಿಗೆ ‘ನಮ್ಮ ಅಮ್ಮ’ನೇ. “ನೀವೇ ನೋಡಿ!” ಎಂದು ಪುಸ್ತಕದ ಇಂದಿನ ಪುಟ ತೆರೆದಿಟ್ಟರು.

ಮಗಳು ನೋಡಿದಳು. ಎಂಟಕ್ಕೆ ಎಡಕ್ಕೆ, ಹತ್ತಕ್ಕೆ ಬಲಕ್ಕೆ, ಹನ್ನೆರಡಕ್ಕೆ ಎಡಕ್ಕೆ. ಹೀಗೇ ಸಂಜೆ ಆರರವರೆಗೆ ಪ್ರತಿ ಸಾಲಿಗೂ ದುಂಡನೆಯ ಸಹಿ. ಗೋಡೆಯ ಗಡಿಯಾರದಲ್ಲಿ ಹನ್ನೊಂದೂ ಐದು.

ಅವಳು ಬಸ್ ಡಿಪೋದಲ್ಲಿ ವೇಳೆ ಬರೆಯುವ ಗುಮಾಸ್ತೆ. ಹೊರಡದ ಬಸ್ಸನ್ನು ಕಾಗದದ ಮೇಲೆ ಊರು ಮುಟ್ಟಿಸುವ ಚಾಲಕರನ್ನು ಇಪ್ಪತ್ತೆರಡು ವರ್ಷ ಕಂಡವಳು. ಮುಖದ ಒಂದು ಗೆರೆಯೂ ಅಲುಗದಂತೆ ನೋಡಿಕೊಂಡಳು.

“ಎಷ್ಟು ಅಚ್ಚುಕಟ್ಟು ಸರ್! ನಮ್ಮ ಡಿಪೋದವರಿಗೆ ಇದನ್ನ ತೋರಿಸ್ಬೇಕು. ಒಂದು ಪ್ರತಿ ಕೊಡ್ತೀರಾ?”

ಮ್ಯಾನೇಜರ್ ಪೂರಿಯಂತೆ ಉಬ್ಬಿದರು. ಎದ್ದು ಹೋಗಿ ತಾವೇ ಪ್ರತಿ ತೆಗೆದು ತಂದರು.

“ಮೊಹರು?” ಎಂದಳು. “ಸಹಿ ಜೊತೆ ತಾರೀಕು, ಗಂಟೆ ಇಲ್ದಿದ್ರೆ ನಮ್ಮಲ್ಲಿ ಕಾಗದಕ್ಕೆ ಬೆಲೆನೇ ಇಲ್ಲ ಸರ್.”

“ನಮ್ಮಲ್ಲೂ ಅಷ್ಟೇ!” ಎಂದು ಮೊಹರನ್ನೆತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವರ ಕಣ್ಣು ಇಂದಿನ ಪುಟದ ಮೇಲೆ ನೆಟ್ಟಿತ್ತು. ಹುಬ್ಬು ಗಂಟಿಕ್ಕಿತು.

“ಛೆ,” ಎಂದರು ಅವರು, “ಶಾಯಿ ಒಣಗಿದೆ.” ಮೊಹರಿನ ಮೇಲೆ ಹಾ ಎಂದು ಉಸಿರು ಬಿಟ್ಟು, ಪುಟಪುಟಕ್ಕೂ ಕುಟ್ಟಿ, ಸಹಿ, ತಾರೀಕು ಹಾಕಿ, ಮುತ್ತು ಪೋಣಿಸಿದಂತೆ ಬರೆದರು: ಬೆಳಿಗ್ಗೆ ೧೧.೧೨.

ಕೆಳಗೆ ಆಂಬುಲೆನ್ಸಿನ ಸದ್ದು ಕೇಳಿದಾಗ ಪ್ರತಿ ಅವಳ ಚೀಲದಲ್ಲಿತ್ತು, ಅದರ ಚಿತ್ರ ವಕೀಲೆಯ ಫೋನಿನಲ್ಲಿತ್ತು. ಸ್ಟ್ರೆಚರ್ ಬಾಗಿಲು ದಾಟುವಾಗ ಮ್ಯಾನೇಜರ್ ಏದುಸಿರು ಬಿಡುತ್ತ ಓಡಿಬಂದರು.

“ಮೇಡಂ, ಆ ಪ್ರತಿ ಒಂದ್ನಿಮಿಷ ಕೊಡಿ. ಸಣ್ಣ ತಿದ್ದುಪಡಿ ಇದೆ.”

“ಸಂಜೆ ಆರಕ್ಕೆ ಬರ್ತೀನಿ ಸರ್. ಆಗ ನೀವು ನಮ್ಮಮ್ಮನ ಮಗ್ಗುಲು ಬದಲಿಸ್ತಿರ್ತೀರಲ್ಲ, ನೋಡ್ಕೊಂಡು ತಿದ್ದೋಣ.”

ಆಂಬುಲೆನ್ಸಿನಲ್ಲಿ ಅಮ್ಮನನ್ನು ಮೆಲ್ಲನೆ ಬಲಮಗ್ಗುಲಿಗೆ ಹೊರಳಿಸಿದರು. ನೋವು ಇಳಿಯುವವರೆಗೆ ಆಕೆ ಮಗಳ ಬೆರಳು ಬಿಡಲಿಲ್ಲ.

“ಡಾಕ್ಟರನ್ನ ನೋಡಿದ್ಮೇಲೆ ಯಾರ ಹತ್ರ ಹೋಗ್ಬೇಕು?” ಅಮ್ಮ ಕೇಳಿದಳು.

“ಇಲಾಖೆ ಅಧಿಕಾರಿ ಹತ್ರ. ನೀನು ಮಲಗಿರಮ್ಮ, ನಾನು, ವಕೀಲರು ಎಲ್ಲಾ ಹೇಳ್ತೀವಿ.”

“ನೀವೇನೇ ಹೇಳೋದು?” ಅಮ್ಮ ಗದರಿದಳು. “ಕಾಗದ ನೀನು ಹಿಡ್ಕೊ. ಆ ಅಧಿಕಾರೀನ ನನ್ನ ಹಾಸಿಗೆ ಹತ್ರಕ್ಕೇ ಕರ್ಕೊಂಡ್ಬಾ. ಅಲ್ಲಿ ಬಿದ್ದಿದ್ದೋಳು ನಾನು, ಹೇಳೋಳೂ ನಾನೇ.”