ಉಡಿಯಕ್ಕಿ

ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿದ್ದೇ ತಡ, ಹೊರಟಿದ್ದ ಸಾಯಬಣ್ಣ ಅಲ್ಲಿಯೇ ನಿಂತುಬಿಟ್ಟ. ಖೋಲಿ ಅವನದು, ಒಳಗೆ ಮಲಗಿದವಳು ಅವನ ಹೆಂಡತಿ ದೇವಕ್ಕ, ಚಿಲಕ ಹಾಕಿಕೊಂಡವಳು ಮಾತ್ರ ಮಾಟುಂಗದಿಂದ ಬಂದ ಯಾವಳೋ ಹೆಂಗಸು. ಆಂಟಾಪ್ ಹಿಲ್‌ನ ಆ ಸಾಲಿನಲ್ಲಿ ಹಗಲು ಹೊತ್ತು ಬಾಗಿಲು ಹಾಕುವ ರೂಢಿಯೇ ಇರಲಿಲ್ಲ. ಹಾಕಿದ್ದರೆ ಒಳಗೆ ಜಗಳವೋ ಹೆರಿಗೆಯೋ ನಡೆದಿದೆ ಎಂದೇ ಅರ್ಥ.

ಪಕ್ಕದ ಖೋಲಿಯ ಕಸ್ತೂರಿಬಾಯಿ ನಳದ ಹತ್ತಿರ ಕೊಡ ತಿಕ್ಕುತ್ತಿದ್ದಳು. ಕೊಡ ಎಂದೋ ಹೊಳೆಯುತ್ತಿತ್ತು, ಆದರೂ ತಿಕ್ಕುತ್ತಿದ್ದಳು.

"ಇವತ್ತೂ ನಿನ್ನ ಹೊರಗ ದಬ್ಬಿದಳೇನೋ ಸಾಯಬಣ್ಣ?"

"ಅದು ಅವರ ಕಾಯ್ದೆ ಅದ ಅಕ್ಕ."

"ಎಂಥಾ ಕಾಯ್ದೇನೋ! ಪುಕ್ಕಟೆ ಬಂದು ಮಂದಿ ಹೊಲಸು ಬಳ್ಯೋರು ಈ ಮುಂಬೈದಾಗ ಯಾರರೆ ಅದಾರೇನು? ಖೋಲಿ ಮ್ಯಾಲ ಕಣ್ಣದ ಅಕಿಂದು. ಇಲ್ಲಂದ್ರ ದೇವಕ್ಕನ್ನ ಎಲ್ಲಿಗರೆ ಸಾಗಿಸ್ತಾಳ, ನೋಡ್ತಿರು."

ಹಾಗೆಲ್ಲ ಇರಲಿಕ್ಕಿಲ್ಲ ಎಂದು ಹೇಳಬೇಕೆಂದುಕೊಂಡ ಸಾಯಬಣ್ಣ ಬಾಗಿಲ ಕಡೆ ನೋಡಿದ. ಅವನಿಗೂ ಹಾಗೇ ಅನಿಸಿತ್ತು.

ಕಟ್ಟುತ್ತಿದ್ದ ಬಿಲ್ಡಿಂಗಿನ ಮೇಲಿಂದ ಗಾರೆಯ ಬುಟ್ಟಿ ಸಮೇತ ಬಿದ್ದ ಮೇಲೆ ದೇವಕ್ಕನಿಗೆ ಸೊಂಟದ ಕೆಳಗೆ ಜೀವವಿರಲಿಲ್ಲ. ಪರೇಲಿನ ಆಸ್ಪತ್ರೆಯವರು ಕೈಲಾದದ್ದನ್ನು ಮಾಡಿ ಮನೆಗೆ ಕಳಿಸಿದರು. ಮಕ್ಕಳಿಲ್ಲ, ಊರಿನಿಂದ ಬಂದು ಇರುವವರೂ ಇಲ್ಲ. ಸಾಯಬಣ್ಣ ಇಟ್ಟಿಗೆ ಹೊರುವುದನ್ನು ಬಿಟ್ಟು ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಯ ವಾಚಮನ್ ಆದ. ಹಗಲೆಲ್ಲ ಹೆಂಡತಿಯನ್ನು ತೊಳೆಯುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದು, ರೊಟ್ಟಿ ಬಡಿಯುವುದು. ಗಂಡಸು ರೊಟ್ಟಿ ಬಡಿಯುವ ಸದ್ದಿಗೆ ಮೊದಮೊದಲು ಸಾಲಿಗೆ ಸಾಲೇ ನಕ್ಕಿತ್ತು. ಆಮೇಲೆ ನಕ್ಕೂ ನಕ್ಕೂ ಬೇಜಾರಾಗಿ ಸುಮ್ಮನಾಯಿತು.

ಅಂಥ ಹೊತ್ತಿನಲ್ಲಿ ಬಂದವಳು ವಿನೋದಿನಿ. ಉಡುಪಿ ಕಡೆಯವಳು, ಮಾಟುಂಗ ಸ್ಟೇಷನ್ ಹತ್ತಿರ ಅವಳ ಗಂಡನ ಹೋಟೆಲು. ಅಲ್ಲಿಯ ಹೆಂಗಸರ ಮಂಡಳಿಯೊಂದು ಹೊಸ ಸೇವೆ ಶುರುಮಾಡಿತ್ತು. ಔಷಧಿ ಕೊಡುವ ಸೇವೆಯಲ್ಲ, ಹಣ್ಣು ಹಂಚುವುದೂ ಅಲ್ಲ. ಹಾಸಿಗೆ ಹಿಡಿದವರ ಹತ್ತಿರ ವಾರಕ್ಕೊಂದು ಮಧ್ಯಾಹ್ನ ತಾವು ಕೂತು, ಅವರನ್ನು ನೋಡಿಕೊಳ್ಳುವ ಮನೆಯವರನ್ನು ಹೊರಗೆ ಕಳಿಸುವುದು.

"ನೀವು ಹೊರಗೆ ಹೋಗ್ಬೇಕು ಮಾರಾಯ್ರೆ," ಎಂದಿದ್ದಳು ಮೊದಲ ಬುಧವಾರ. "ಬಾಗಿಲಲ್ಲಿ ಕೂರುದಲ್ಲ, ರೇಷನ್ ತರ್ಲಿಕ್ಕೆ ಹೋಗುದೂ ಅಲ್ಲ. ಸುಮ್ಮನೆ ತಿರುಗಿ ಬನ್ನಿ."

"ಸುಮ್ನ ಎಲ್ಲಿಗ್ ಹೋಗ್ಲಿರಿ ಬಾಯಾರ?"

"ಎಲ್ಲಿಗಾದ್ರೂ!"

ಎಲ್ಲಿಗಾದರೂ ಎನ್ನುವ ಊರು ಸಾಯಬಣ್ಣನಿಗೆ ಗೊತ್ತಿರಲಿಲ್ಲ. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು, ಎದ್ದು, ಮತ್ತೆ ಕೂತು, ಹೇಗೋ ಹೊತ್ತು ಕಳೆದು ಓಡಿ ಬಂದ. ವಿನೋದಿನಿ ಹೋದ ಮೇಲೆ ಟ್ರಂಕಿನ ಕೀಲಿ ಎಳೆದು ನೋಡಿದ. ರೇಷನ್ ಕಾರ್ಡು ಇದ್ದಲ್ಲಿಯೇ ಇತ್ತು. ದೇವಕ್ಕನ ಮೂಗುಬೊಟ್ಟು ಮೂಗಿನಲ್ಲಿಯೇ ಇತ್ತು. ಹೋದದ್ದು ಏನೂ ಇಲ್ಲ, ಬದಲಿಗೆ ಅವಳ ಉಗುರು ಕತ್ತರಿಸಿಯಾಗಿತ್ತು, ಬೈತಲೆ ತೆಗೆದು ತಲೆ ಬಾಚಿಯಾಗಿತ್ತು. ಏನಾದರೂ ಕಳವಾಗಿದ್ದರೆ ಅವನಿಗೆ ಒಂದು ಸಮಾಧಾನವಾದರೂ ಆಗುತ್ತಿತ್ತು. ಏನೂ ಒಯ್ಯದವಳು ಒಯ್ಯಲಿಕ್ಕೆ ಬಂದದ್ದು ಏನನ್ನು? ಚಹಾ ಕೊಟ್ಟರೆ ಅದನ್ನೂ ಕುಡಿಯುತ್ತಿರಲಿಲ್ಲ, ಮನೆಗಳಲ್ಲಿ ಏನೂ ತೆಗೆದುಕೊಳ್ಳಬಾರದೆಂದು ಮಂಡಳಿಯಲ್ಲಿ ಹೇಳಿದ್ದಾರಂತೆ. ಚಹಾ ಬೇಡವೆನ್ನುವವರನ್ನು ನಂಬುವುದು ಹೇಗೆ ಎಂದು ಸಾಯಬಣ್ಣನಿಗೆ ಯಾರೂ ಕಲಿಸಿರಲಿಲ್ಲ.

ಒಂದು ಬುಧವಾರ ಮಾತ್ರ ಅವನ ಕಾಲುಗಳು ಮಾಟುಂಗದ ಕಡೆ ನಡೆದುಬಿಟ್ಟವು. ಹೋಟೆಲೊಂದರಲ್ಲಿ ಇಡ್ಲಿ ತಿಂದ. ಹೂವಿನ ಅಂಗಡಿಗಳ ಮುಂದೆ ನಿಂತು ಮಲ್ಲಿಗೆಯ ವಾಸನೆ ಕುಡಿದ. ಉದ್ಯಾನದ ಮರದ ಕೆಳಗೆ ಅಂಗಾತ ಬಿದ್ದುಕೊಂಡ, ನಿದ್ದೆ ಹತ್ತಿತು. ಎದ್ದಾಗ ಮೈ ಹಗುರಾಗಿತ್ತು. ಬರುವಾಗ ದಾರಿಯುದ್ದಕ್ಕೂ ಊರ ಕಣದಲ್ಲಿ ಹಾಡುತ್ತಿದ್ದ ಹಂತಿಯ ಪದವೊಂದು ತಾನಾಗಿ ಬಾಯಿಗೆ ಬಂತು. ಹಾಡುತ್ತಲೇ ಹೊಸ್ತಿಲು ದಾಟಿ, ಇಡ್ಲಿ ತಿಂದದ್ದನ್ನೂ ಮರದ ಕೆಳಗೆ ನಿದ್ದೆ ಹೋದದ್ದನ್ನೂ ಹೆಂಡತಿಗೆ ಹೇಳಿದ. ದೇವಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

ಅದರ ಮುಂದಿನ ವಾರದಿಂದ ಚಿಲಕ ಬೀಳತೊಡಗಿತು. ಅವನು ಒಳಗೆ ಬಂದರೆ ಇಬ್ಬರ ಮಾತೂ ಗಕ್ಕನೆ ನಿಲ್ಲುತ್ತಿತ್ತು.

ಇವತ್ತು ಅವನು ಗುಡಿಗೆ ಹೋಗಲಿಲ್ಲ. ಕಸ್ತೂರಿಬಾಯಿ ನೋಡುತ್ತಿದ್ದರೆ ನೋಡಲಿ ಎಂದು ಖೋಲಿಯ ಹಿಂದಿನ ಸಂದಿಗೆ ನುಗ್ಗಿ, ತಗಡಿನ ಗೋಡೆಗೆ ಕಿವಿ ಹಚ್ಚಿದ. ಮೊದಲು ಬಳೆಯ ಸದ್ದು, ಆಮೇಲೆ ವಿನೋದಿನಿಯ ದನಿ.

"ನಾಳೆ ಬೆಳಿಗ್ಗೆಯೇ ವ್ಯಾನ್ ಬರ್ತದೆ ಆಯ್ತಾ? ಬಟ್ಟೆಯೆಲ್ಲ ಈಗಲೇ ಒಂದು ಗಂಟು ಕಟ್ಟಿ ಇಡುವ."

ಸಾಯಬಣ್ಣ ಸಂದಿಯಿಂದ ಹೇಗೆ ಹೊರಬಿದ್ದನೋ, ಬಾಗಿಲಿಗೆ ಹೇಗೆ ಬಂದನೋ, ಎರಡೂ ಕೈಯಿಂದ ಬಡಿದ.

"ತಗೀರಿ! ಬಾಗಿಲಾ ತಗೀರಿ ಮೊದಲ!"

ವಿನೋದಿನಿ ಗಾಬರಿಯಾಗಿ ಚಿಲಕ ತೆಗೆದಳು. ಒಳಗೆ ದೇವಕ್ಕ ಗೋಡೆಗೆ ಒರಗಿ ಕೂತಿದ್ದಳು. ಟ್ರಂಕಿನ ತಳದಲ್ಲಿದ್ದ ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಹಣೆಯ ತುಂಬ ಕುಂಕುಮ, ಮಡಿಲಲ್ಲಿ ಸೆರಗು ಹಾಸಿ ಅದರೊಳಗೆ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಶಿನದ ಕೊಂಬು, ಒಂದು ಕುಪ್ಪಸದ ಖಣ.

ಸಾಯಬಣ್ಣ ಆ ಅಕ್ಕಿಯ ಕಡೆ ಕೈ ಮಾಡಿದ.

"ಉಡಿ ಯಾರ್ ತುಂಬಿದ್ರು?"

"ನಾನೇ," ಎಂದಳು ವಿನೋದಿನಿ. "ಅವರೇ ಕೇಳಿದ್ರು. ನಮ್ಮಲ್ಲಿ ಬಸುರಿಯರಿಗೆ ಮಡಿಲು ತುಂಬುದುಂಟು. ಪಾಪ, ಏನೋ ಆಸೆ ಆಗಿರ್ಬೇಕು ಅಂತ ಸಾಮಾನು ತಂದೆ. ಅದರಲ್ಲಿ ತಪ್ಪೆಂತದು?"

"ನಮ್ಮ ಕಡಿ ಮನಿ ಬಿಟ್ಟು ಹೊಂಟ ಹೆಣ್ಣಿಗಿ ಉಡಿ ತುಂಬ್ತಾರ ಬಾಯಾರ! ಕಳಸೋರು ತುಂಬ್ತಾರ. ನೀವ್ ಯಾರು ನನ್ನ ಹೇಣ್ತಿನ್ನ ಕಳಸೋರು? ಎಲ್ಲಿಗಿ ಸಾಗಿಸ್ಲತೀರಿ ಅಕಿನ್ನ?"

"ಎಲ್ಲಿಗೆ ಅಂದ್ರೆ?" ವಿನೋದಿನಿಯ ದನಿ ಇಳಿಯಿತು. "ಥಾಣೆ ಕಡೆಯ ಆಶ್ರಮಕ್ಕೆ. ಏಳಲಿಕ್ಕೆ ಆಗದವರನ್ನು ನೋಡಿಕೊಳ್ತಾರಲ್ಲ, ಅಲ್ಲಿಗೆ. ನೀವು ಒಪ್ಪಿದ್ದೀರಿ ಅಂತ ಇವರು ಹೇಳಿದ್ರು. ಅದರ ಮಾತೆತ್ತಿದ್ರೆ ನಿಮಗೆ ಅಳು ಬರ್ತದೆ, ಕೇಳ್ಬೇಡಿ ಅಂದ್ರು. ನಿಮ್ಮ ಮುಖ ನೋಡಿದ್ರೆ ನನಗೂ ಕೇಳುವ ಧೈರ್ಯ ಆಗ್ಲಿಲ್ಲ."

ಇಬ್ಬರೂ ದೇವಕ್ಕನ ಕಡೆ ತಿರುಗಿದರು. ಅವಳು ಉಡಿಯ ಎರಡೂ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಬಾಯಾರಿಗಿ ಬೈಬ್ಯಾಡ್ರಿ," ಎಂದಳು. "ನಾನೇ ಸುಳ್ಳ್ ಹೇಳೀನಿ."

ಇಷ್ಟು ದಿನ ಕೀಲಿ ಎಳೆದು, ಕಾರ್ಡು ತಡವಿ, ತಗಡಿಗೆ ಕಿವಿ ಹಚ್ಚಿದ ಮನುಷ್ಯ ಒಬ್ಬಳ ಮೇಲೆ ಮಾತ್ರ ಅನುಮಾನ ಪಟ್ಟಿರಲಿಲ್ಲ. ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದುಃಖ.

"ಯಾಕಬೇ? ನಾ ಏನ್ ಕಡಿಮಿ ಮಾಡೀನಿ ನಿನಗ?"

"ಏನೂ ಕಡಿಮಿ ಮಾಡಿಲ್ರಿ. ಅವತ್ತ ನೀವ್ ಹಂತಿ ಪದ ಹಾಡ್ಕೋತ ಬಂದ್ರಿ ನೋಡ್ರಿ, ನಾ ಬಿದ್ದ ಮ್ಯಾಲ ನಿಮ್ಮ ಆ ದನಿ ಕೇಳಿದ್ದೇ ಇಲ್ಲ. ಸತ್ತದ ಅನ್ಕೊಂಡಿದ್ದೆ. ಸತ್ತಿಲ್ಲ. ನಾ ಇಲ್ಲದಲ್ಲಿ ಬದುಕ್ಯದ." ಅವಳು ಕಣ್ಣು ಒರೆಸಿಕೊಳ್ಳಲಿಲ್ಲ. "ಕೇಳಿ ಖುಷಿನೂ ಆತು, ಹೊಟ್ಟ್ಯಾಗ ಬೆಂಕಿನೂ ಬಿತ್ತು. ಆ ಮರದ ಬುಡಕ ಮಲ್ಕೊಂಡಾಗ ನಾ ನೆನಪಾದೆನೇನ್ರಿ? ಖರೆ ಹೇಳ್ರಿ."

ಸಾಯಬಣ್ಣ ಸುಳ್ಳು ಹೇಳಬಹುದಿತ್ತು. ಆದರೆ ಆ ಮಧ್ಯಾಹ್ನ ಅವಳನ್ನು ಪೂರ್ತಿ ಮರೆತಿದ್ದು ನಿಜ. ಆ ಮರೆವು ಸಿಹಿಯಾಗಿತ್ತೆಂಬುದೂ ನಿಜ, ಅದು ಯಾರಿಗೂ ಗೊತ್ತಿಲ್ಲವೆಂದು ಅವನು ತಿಳಿದಿದ್ದ.

"ಇಲ್ಲ," ಎಂದ. "ನೆನಪಾಗ್ಲಿಲ್ಲ."

"ಅದಕ್ಕೇ ಹೊಂಟೀನಿ."

ಹೊರಗೆ ನಳದ ಹತ್ತಿರ ಕೊಡ ತಿಕ್ಕುವ ಸದ್ದು ನಿಂತಿತ್ತು. ವಿನೋದಿನಿ ಸದ್ದಿಲ್ಲದೆ ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

ಸಾಯಬಣ್ಣ ಗೋಡೆಯ ಮೂಲೆಯಲ್ಲಿ ನಿಲ್ಲಿಸಿದ್ದ ತಾಟು ತೆಗೆದುಕೊಂಡು ಹೆಂಡತಿಯ ಮುಂದೆ ಕೂತ.

"ಉಡಿಯಕ್ಕಿ ಎಲ್ಲಿ ಬೇಯಸ್ತಾರ?"

ದೇವಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

"ಎಲ್ಲಿ ಬೇಯಸ್ತಾರ ಅಂತ ಕೇಳ್ಲತೀನಿ. ಬಾಯಾರಿಗಿ ಗೊತ್ತಿಲ್ಲ, ಹೇಳು ಅವರಿಗಿ."

"ಹೋದ ಮನ್ಯಾಗ," ಎಂದಳು ದೇವಕ್ಕ ಗೋಡೆ ನೋಡುತ್ತ. "ಹೋಗಿ ಮುಟ್ಟಿದ ಮನ್ಯಾಗ."

ಅವನು ಅವಳ ಬೆರಳುಗಳನ್ನು ಬಿಡಿಸಿದ. ಕಾಯಿ, ಎಲೆ, ಖಣ ಎಲ್ಲವನ್ನೂ ಒಂದೊಂದಾಗಿ ಹಾಸಿಗೆಯ ಮೇಲಿಟ್ಟ. ಅಕ್ಕಿಯನ್ನು ಒಂದು ಕಾಳೂ ಚೆಲ್ಲದಂತೆ ತಾಟಿಗೆ ಸುರಿದುಕೊಂಡ. ಆಮೇಲೆ ಸ್ಟೋವಿನ ಹತ್ತಿರ ಹೋಗಿ ಪಂಪು ಹೊಡೆಯತೊಡಗಿದ. ಕಡ್ಡಿ ಎರಡು ಸಲ ಆರಿತು. ಮೂರನೆಯದಕ್ಕೆ ಬೆಂಕಿ ಹತ್ತಿತು, ಪಾತ್ರೆಯಲ್ಲಿ ನೀರಿಟ್ಟ.

"ಏನ್ ಮಾಡ್ಲತೀರಿ?" ದೇವಕ್ಕ ಗೋಡೆ ಬಿಟ್ಟು ಅವನ ಕಡೆ ತಿರುಗಿದಳು. "ಅದು ಇಲ್ಲಿ ಬೇಯಿಸೋದಲ್ರಿ."

ಅವನು ಪಾತ್ರೆಗೆ ಮುಚ್ಚಳ ಹಾಕಿದ.

ವಿನೋದಿನಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮೆಟ್ಟದೆ ನಿಂತಿದ್ದಳು. "ವ್ಯಾನಿನವರಿಗೆ ಎಂತ ಹೇಳಲಿ ನಾನು?"

"ಅಕಿನ್ನ ಕೇಳ್ರಿ," ಎಂದ ಸಾಯಬಣ್ಣ. "ನನ್ನ ಕೇಳಿದ್ರ, ಮುಂದಿನ ಬುಧವಾರ ನೀವ್ ಬರ್ರಿ ಅಂತೀನಿ. ನಾ ಹೊರಗ ಹೋಗ್ತೀನಿ. ಚಿಲಕ ಬೇಕಾದ್ರ ಹಾಕ್ಕೋರಿ."

ನೀರು ಕಾಯುವ ಸದ್ದು ಖೋಲಿಯ ತುಂಬ ತುಂಬಿಕೊಂಡಿತು. ಸಾಯಬಣ್ಣ ತಾಟು ಎತ್ತಿ ಅಕ್ಕಿಯನ್ನು ಹಾಗೆಯೇ ತೊಳೆಯಲು ಹೊರಟ.

"ಹಳ್ಳು ಅದಾವ ಅದ್ರಾಗ," ಎಂದಳು ದೇವಕ್ಕ ಕಡೆಗೆ. "ಹಂಗೇ ಹಾಕಬ್ಯಾಡ್ರಿ. ತರ್ರಿ ಇಲ್ಲಿ."

ಅವನು ತಾಟನ್ನು ಅವಳ ಮಡಿಲಲ್ಲಿ ಇಟ್ಟ. ಬಾಗಿಲ ಸಂದಿಯಿಂದ ಬರುತ್ತಿದ್ದ ಬೆಳಕಿಗೆ ಅವಳು ತಾಟನ್ನು ಸ್ವಲ್ಪ ಓರೆ ಮಾಡಿದಳು. ವಿನೋದಿನಿ ಮೆಟ್ಟಿದ್ದ ಚಪ್ಪಲಿಯನ್ನು ಬಿಟ್ಟು ಬಂದು ಪಕ್ಕದಲ್ಲಿ ಕೂತಳು. ದೇವಕ್ಕ ತಲೆ ಬಗ್ಗಿಸಿ, ಬೆರಳ ತುದಿಯಿಂದ ಅಕ್ಕಿಯನ್ನು ಅತ್ತಿತ್ತ ಸರಿಸುತ್ತ, ಸಣ್ಣ ಸಣ್ಣ ಕಲ್ಲಿನ ಹಳ್ಳುಗಳನ್ನು ಆರಿಸಿ ಗಂಡನ ಅಂಗೈಗೆ ಹಾಕತೊಡಗಿದಳು.